ಗೀಸರ್ ಕೈಕೊಟ್ಟಾಗ ಏನು ನೋಡಬೇಕು, ಏನು ಮುಟ್ಟಬಾರದು

ನಿಮ್ಮ ಮನೇಲಿ ಗ್ಯಾಸ್ ಗೀಸರ್ ಬಾತ್‌ರೂಮ್ ಒಳಗೇ ಇದೆಯಾ? ಹಾಗಿದ್ರೆ ಮೊದಲು ಅದರ ಮಾತು. ಕರೆಂಟ್ ಗೀಸರ್ ವಿಷಯ ಆಮೇಲೆ.

ಗ್ಯಾಸ್ ಉರಿಯಲು ಗಾಳಿ ಬೇಕು. ಚಳಿ ಅಂತ ಕಿಟಕಿ, ಬಾಗಿಲು ಎಲ್ಲ ಮುಚ್ಚಿಕೊಂಡು ಸ್ನಾನಕ್ಕೆ ನಿಂತರೆ ಆ ಸಣ್ಣ ಜಾಗದ ಆಮ್ಲಜನಕ ಬೇಗ ಕಡಿಮೆಯಾಗುತ್ತದೆ, ಗ್ಯಾಸ್ ಪೂರ್ತಿ ಉರಿಯುವುದಿಲ್ಲ, ಆಗ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಸಿಲಿಂಡರ್ ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಯಾಕಂದ್ರೆ ಅದಕ್ಕೆ ಬೇಕಂತಲೇ ವಾಸನೆ ಸೇರಿಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರಬೇಕಾದ ಹಿಮೋಗ್ಲೋಬಿನ್‌ಗೆ ಇದೇ ಹೋಗಿ ಅಂಟಿಕೊಳ್ಳುತ್ತದೆ. ತಲೆ ಭಾರ, ತಲೆಸುತ್ತು, ವಾಕರಿಕೆ, ಕಾಲಿನಲ್ಲಿ ಬಲವೇ ಇಲ್ಲದ ಹಾಗೆ ಆಗುವುದು, ಆಮೇಲೆ ಎಚ್ಚರ ತಪ್ಪುವುದು. ಚಿಲಕ ತೆಗೆಯಲೂ ಆಗದೆ ಒಳಗೇ ಜೀವ ಹೋದ ಸುದ್ದಿಯನ್ನು ಬೆಂಗಳೂರಿನಲ್ಲಿ ಎಷ್ಟು ಸಲ ಓದಿದ್ದೇವೆ.

‘ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ’ ಅಂತ ತುಂಬಾ ಜನ ಹೇಳುತ್ತಾರೆ. ಹೊಸ ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಒಂದನ್ನೇ ನಂಬಬೇಡಿ. ಗೀಸರ್ ಮತ್ತು ಸಿಲಿಂಡರ್ ಎರಡನ್ನೂ ಬಾಲ್ಕನಿಗೋ ಹೊರಗೋಡೆಗೋ ಸಾಗಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಹೊಗೆ ವಾಪಸ್ ಒಳಗೆ ಬರುವ ಹಾಗೆ ಕಿಟಕಿಯ ಪಕ್ಕದಲ್ಲೇ ಕೂರಿಸಬೇಡಿ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಜಗಳ ಆಡಿಯಾದರೂ ಮಾಡಿಸಿ, ಅಲ್ಲಿಯವರೆಗೆ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ.

ಯಾರಾದರೂ ಒಳಗೆ ಬಿದ್ದಿದ್ದಾರೆ ಅನ್ನಿಸಿದರೆ ಬಾಗಿಲು ಒಡೆದು ತೆಗೆಯಿರಿ, ಅವರನ್ನು ತಕ್ಷಣ ಹೊರಗಿನ ಗಾಳಿಗೆ ಎಳೆದು ತನ್ನಿ, ಗ್ಯಾಸ್ ಬಂದ್ ಮಾಡಿಸಿ, 108ಕ್ಕೆ ಫೋನ್ ಮಾಡಿ. ನೀವೂ ಆ ಕೋಣೆಯಲ್ಲಿ ನಿಲ್ಲಬೇಡಿ.

ಗ್ಯಾಸ್ ಗೀಸರ್ ಹೊತ್ತಿಕೊಳ್ಳುತ್ತಿಲ್ಲವಾ? ಮೊದಲು ಬ್ಯಾಟರಿ ನೋಡಿ. ಹೆಚ್ಚಿನವುಗಳಲ್ಲಿ ಎರಡು ದಪ್ಪ ಸೆಲ್ ಇರುತ್ತವೆ, ಕಿಡಿ ಬರುವುದು ಅದರಿಂದಲೇ. ಸೆಲ್ ಸರಿ ಇದ್ದರೆ ನೀರಿನ ಒತ್ತಡ ನೋಡಿ. ಟ್ಯಾಂಕ್ ತಲೆ ಮೇಲೆಯೇ ಇರುವ ಕೊನೇ ಮಹಡಿಯಲ್ಲಿ ಒತ್ತಡ ಸಾಲದೆ ಗೀಸರ್ ಶುರುವಾಗದೇ ಇರಬಹುದು. ನೀರು ಒಳಬರುವ ಕಡೆ ಇರುವ ಜಾಲರಿಯಲ್ಲಿ ಮಣ್ಣು ಕಟ್ಟಿರಲೂಬಹುದು. ಉರಿ ನೀಲಿಯಾಗಿರಬೇಕು. ಹಳದಿ ಉರಿ, ಮಸಿ ಕಂಡರೆ ಬರ್ನರ್ ಕ್ಲೀನ್ ಮಾಡಿಸುವವರೆಗೂ ಬಳಸಬೇಡಿ. ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆಯಿರಿ. ಲೈಟ್ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ಹೊರಗೆ ಬಂದು 1906ಕ್ಕೆ ಕರೆ ಮಾಡಿ, ಅದು ಎಲ್‌ಪಿಜಿ ಸೋರಿಕೆಗೇ ಇರುವ ನಂಬರ್.

ಇನ್ನು ಕರೆಂಟ್ ಗೀಸರ್. ಇಲ್ಲಿ ನೀವು ಕಣ್ಣಿನಿಂದ ನೋಡಿ ತಿಳಿಯುವುದು ಜಾಸ್ತಿ, ಕೈ ಹಾಕುವುದು ಕಡಿಮೆ ಇರಲಿ. ದೀಪ ಉರಿಯುತ್ತಿದೆ, ನೀರು ಮಾತ್ರ ತಣ್ಣಗಿದೆ ಅಂದರೆ ಸಾಮಾನ್ಯವಾಗಿ ನೀರು ಕಾಯಿಸುವ ಕಾಯಿಲ್ ಹೋಗಿರುತ್ತದೆ, ಇಲ್ಲವೇ ಬಿಸಿ ಮಿತಿ ಮೀರಿದಾಗ ಕರೆಂಟ್ ನಿಲ್ಲಿಸುವ ಒಳಗಿನ ಕಟ್‌ಔಟ್ ಬಿದ್ದಿರುತ್ತದೆ. ದೀಪವೇ ಇಲ್ಲದಿದ್ದರೆ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಬೋರ್ಡ್‌ನ ಸ್ವಿಚ್, ನೋಡಿ. ಒಂದು ಸಲ ಬಿದ್ದರೆ ಎತ್ತಿ ನೋಡಬಹುದು, ಮತ್ತೆ ಬಿದ್ದರೆ ಬಿಡಿ, ಪದೇ ಪದೇ ಎತ್ತಬೇಡಿ. ಗೀಸರ್ ಹಾಕಿದಾಗೆಲ್ಲ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಬೋರ್ಡ್‌ನ ಸ್ವಿಚ್) ಬೀಳುತ್ತಿದ್ದರೆ ಕರೆಂಟ್ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಹೆಚ್ಚಿನ ಸಲ ಕಾಯಿಲ್ ಒಡೆದಿರುತ್ತದೆ. ಕೆಲವು ಎಲೆಕ್ಟ್ರಿಷಿಯನ್‌ಗಳು ‘ಸುಮ್ನೆ ತೊಂದರೆ ಕೊಡುತ್ತೆ, ಬೈಪಾಸ್ ಮಾಡ್ತೀನಿ ಸಾರ್’ ಅನ್ನುತ್ತಾರೆ. ಒಪ್ಪಲೇಬೇಡಿ. 30 ಮಿಲಿಆಂಪ್ ಸೋರಿದರೂ ಲೈನ್ ಕಡಿದುಹಾಕುವ ಆ ಸಾಧನ ನಿಮ್ಮ ಮಕ್ಕಳ ಜೀವ ಕಾಯುತ್ತಿದೆ.

ನಲ್ಲಿ ಮುಟ್ಟಿದಾಗ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ. ಒದ್ದೆ ಕೈಯಲ್ಲಿ ಗೀಸರ್ ಸ್ವಿಚ್ ಹುಡುಕಬೇಡಿ, ಮೇನ್ ಆಫ್ ಮಾಡಿ.

2 ಕಿಲೋವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 9 ಆಂಪ್ ಎಳೆಯುತ್ತದೆ. ಅದಕ್ಕೆ 16 ಆಂಪ್ ಸಾಕೆಟ್ ಬೇಕು, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ಪ್ಲಗ್ ಕಪ್ಪಾಗಿದ್ದರೆ, ಸುಟ್ಟ ವಾಸನೆ ಬಂದರೆ ಸಾಕೆಟ್ ಬದಲಿಸಿ.

ತೊಟ್ಟಿಕ್ಕುವ ವಾಲ್ವ್ ಬಗ್ಗೆ ಬಿಡಿಸಿ ಹೇಳಬೇಕು. ನೀರು ಕಾದಾಗ ಹಿಗ್ಗುತ್ತದೆ, ಒತ್ತಡ ಏರುತ್ತದೆ, ಅದಕ್ಕೇ ಗೀಸರ್ ಕೆಳಗಿನ ಸೇಫ್ಟಿ ವಾಲ್ವ್‌ನಿಂದ ಒಂದಿಷ್ಟು ಹನಿ ಬೀಳುತ್ತದೆ. ಅದು ರೋಗವಲ್ಲ. ನೆಲ ಒದ್ದೆಯಾಗುತ್ತೆ ಅಂತ ಎಂ-ಸೀಲ್ ಮೆತ್ತಿದರೆ ಅಥವಾ ವಾಲ್ವ್ ತೆಗೆದು ಡಮ್ಮಿ (ಬರೀ ಮುಚ್ಚಳ) ಹಾಕಿದರೆ, ನೀರು ಸಾಕಷ್ಟು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಕೆಟ್ಟ ದಿನ ಟ್ಯಾಂಕ್ ಸಿಡಿಯಬಹುದು. ಸಣ್ಣ ಪೈಪ್ ಹಾಕಿ ಮೋರಿಗೆ ಬಿಡಿ. ಕಾಯಿಸದೇ ಇದ್ದಾಗಲೂ ಸುರಿಯುತ್ತಿದ್ದರೆ ಮಾತ್ರ ವಾಲ್ವ್ ಬದಲಿಸಿ. ನಲ್ಲಿಯಿಂದ ಬುಸ್ ಅಂತ ಆವಿ ಬಂದರೆ ಥರ್ಮೋಸ್ಟಾಟ್ ಕೆಲಸ ಮಾಡುತ್ತಿಲ್ಲ. ಮೇನ್ ಆಫ್ ಮಾಡಿ, ಪೂರ್ತಿ ಆರುವವರೆಗೂ ಯಾವ ಭಾಗವನ್ನೂ ಬಿಚ್ಚಬೇಡಿ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ, ಚಟಪಟ ಸದ್ದು ಬರುತ್ತದೆ, ನೀರು ಕಾಯಲು ತಡವಾಗುತ್ತದೆ. 15 ಲೀಟರ್ ಗೀಸರ್ ಸುಮಾರು 20 ನಿಮಿಷದಲ್ಲಿ ಕಾಯಬೇಕು. ಅದಕ್ಕಿಂತ ತುಂಬಾ ಜಾಸ್ತಿ ಹಿಡಿಯುತ್ತಿದ್ದರೆ ಸರ್ವಿಸ್‌ಗೆ ಕರೆಸಿ. ಬಂದವರು ಸುಣ್ಣ ತೆಗೆಯುವಾಗ ಆನೋಡ್ ರಾಡ್, ಅಂದರೆ ಟ್ಯಾಂಕ್ ಬದಲು ತಾನು ಸವೆಯುವ ಒಳಗಿನ ಲೋಹದ ಕಡ್ಡಿ, ಅದನ್ನೂ ಬಿಚ್ಚಿ ತೋರಿಸಲಿ. ಅದು ಸವೆದು ತಂತಿಯಷ್ಟೇ ಉಳಿದಿದ್ದರೆ ಬದಲಿಸಿ, ಇಲ್ಲದಿದ್ದರೆ ಟ್ಯಾಂಕೇ ತುಕ್ಕು ಹಿಡಿಯುತ್ತದೆ. ಹೋಗುವ ಮುಂಚೆ ಸಾಕೆಟ್‌ನಲ್ಲಿ ಅರ್ಥಿಂಗ್ ಬರುತ್ತಿದೆಯಾ ಅಂತ ನಿಮ್ಮ ಎದುರಿಗೇ ಟೆಸ್ಟ್ ಮಾಡಿಸಿಕೊಳ್ಳಿ.