ಆಫೀಸಿನ ಕಿರುಕುಳ ನಿದ್ದೆ ಕೆಡಿಸಿದಾಗ

ಎಲ್ಲರೆದುರು ಹೀಯಾಳಿಸುವುದು, ಬೇಕೆಂದೇ ಮೀಟಿಂಗಿಗೆ ಕರೆಯದಿರುವುದು, ರಾತ್ರಿ 11ಕ್ಕೆ ‘ಇನ್ನೂ ಆಗಿಲ್ವಾ?’ ಎಂದು ಮೆಸೇಜ್ ಹಾಕುವುದು ವಾರಗಟ್ಟಲೆ ನಡೆದರೆ ಹೆಚ್ಚಾಗಿ ಮೊದಲು ಕೆಡುವುದು ನಿದ್ದೆ. ಮುಂದಿನ ಏಟಿಗೆ ಕಾದು ಕೂತ ಮೈ ದೀಪ ಆರಿಸಿದರೂ ಸಡಿಲವಾಗುವುದಿಲ್ಲ. ಬೆಳಗಿನ ಜಾವ ಎಚ್ಚರವಾಗಿ ಅದೇ ಮಾತು ತಲೆಯಲ್ಲಿ ಸುತ್ತುತ್ತದೆ. ನಿದ್ದೆಗೆಟ್ಟು ಮರುದಿನ ಮಾಡುವ ತಪ್ಪೇ ಕಾಟ ಕೊಡುವವರಿಗೆ ನೆಪವಾಗುತ್ತದೆ. ‘ನನಗೇ ಕೈಲಾಗಲ್ಲ’ ಎಂಬ ಭಾವನೆ ಬೇರೂರುವುದು ಹೀಗೆ.

ನಡೆದದ್ದನ್ನು ಅಂದೇ ಸಂಜೆ, ಊಟಕ್ಕೆ ಮೊದಲು ಬರೆದಿಡಿ: ತಾರೀಖು, ಸಮಯ, ಆಡಿದ ಮಾತು ಇದ್ದ ಹಾಗೇ, ಅಲ್ಲಿದ್ದವರು ಯಾರು. ಹಾಸಿಗೆಯಲ್ಲಿ ಕೂತು ಬರೆಯಬೇಡಿ. ಸ್ವಂತ ನೋಟ್‌ಬುಕ್ಕೇ ಆಗಲಿ; ಆಫೀಸಿನ ಲ್ಯಾಪ್‌ಟಾಪ್ ಕೈತಪ್ಪಿದ ದಿನ ಅದರಲ್ಲಿದ್ದದ್ದೂ ಹೋಗುತ್ತದೆ. ಕಂಪನಿಯ ಗೋಪ್ಯ ಕಡತಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಂಡರೆ ಅದೇ ನಿಮ್ಮ ಮೇಲೆ ಆರೋಪವಾದೀತು.

ಮಲಗಿ ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಕೂತಿರಿ. ಕಣ್ಣು ಎಳೆದಾಗ ಮರಳಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಹಾಸಿಗೆಯಲ್ಲೇ ಹೊರಳಾಡಿದರೆ ಹಾಸಿಗೆ ಎಂದರೇ ಚಿಂತೆ ಎಂದು ಮೆದುಳು ಕಲಿತುಬಿಡುತ್ತದೆ. ಏಳುವ ಹೊತ್ತು ದಿನವೂ ಒಂದೇ ಇರಲಿ. ಬಹಳ ಜನ ಎಡವುವುದು ಭಾನುವಾರ: ಹತ್ತರವರೆಗೆ ಮಲಗಿ ಬಾಕಿ ತೀರಿಸಲು ಹೋಗುತ್ತಾರೆ, ರಾತ್ರಿ ನಿದ್ದೆ ಬಾರದು, ಅದರ ಮೇಲೆ ಸೋಮವಾರದ ಭಯ. ಕಾಫಿ ಮಧ್ಯಾಹ್ನ 2ಕ್ಕೆ ಮುಗಿಯಲಿ. ಮದ್ಯ ಬೇಗ ಮಲಗಿಸಿದರೂ ನಡುರಾತ್ರಿಯ ನಂತರ ಎಬ್ಬಿಸುತ್ತದೆ. ಫೋನ್ ಅಡುಗೆಮನೆಯಲ್ಲಿ ಚಾರ್ಜ್ ಆಗಲಿ, ಏಳಲು ಅಲಾರಂ ಗಡಿಯಾರ ಇಡಿ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೇ ಆದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅಲ್ಲಿಯವರೆಗೆ ಕಾಯಬೇಕೆಂದೇನಿಲ್ಲ. ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಆ ಕ್ಷಣವೇ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್; ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಕಾಟ ನಿಲ್ಲದೆ ನಿದ್ದೆ ಪೂರ್ತಿ ಸರಿಹೋಗುವುದು ಕಷ್ಟ, ಹಾಗಾಗಿ ದೂರು ಬರೆದೇ ಕೊಡಿ. ಲೈಂಗಿಕ ಕಿರುಕುಳಕ್ಕೊಳಗಾದ ಮಹಿಳೆಯರಿಗೆ 2013ರ ಕಾಯ್ದೆಯಿದೆ. ಘಟನೆಯಾದ ಮೂರು ತಿಂಗಳೊಳಗೆ, ಇಂಥ ದೂರು ವಿಚಾರಿಸಲೆಂದೇ ಕಂಪನಿಯಲ್ಲಿರುವ ಆಂತರಿಕ ಸಮಿತಿಗೆ ದೂರು ಸಲ್ಲಿಸಬೇಕು. ಉಳಿದದ್ದಕ್ಕೆ ಎಚ್‌ಆರ್‌ಗೆ ಮೇಲ್ ಮಾಡಿ. ‘ತುಂಬಾ ಹಿಂಸೆ ಕೊಡ್ತಾರೆ’ ಎಂದಷ್ಟೇ ಬರೆದರೆ ಸಮಾಧಾನ ಹೇಳಿ ಕಳಿಸುತ್ತಾರೆ. ನೋಟ್‌ಬುಕ್ಕಿನಿಂದ ಮೂರು ಘಟನೆ ತಾರೀಖು ಸಮೇತ ಇಟ್ಟು, ಬೇಕಾದದ್ದನ್ನು ನೇರ ಕೇಳಿ: ಬೇರೆ ಮ್ಯಾನೇಜರ್, ಅಥವಾ ಬೇರೆ ಟೀಮ್.