ಇಲಿ ಕಾಟಕ್ಕೆ ಗೂಬೆಯ ಗೂಡು: ನನ್ನ ಅನುಭವ

ವಿಷ ಇಟ್ಟಾಗ ಇಲಿ ಕಡಿಮೆಯಾದಂತೆ ಕಂಡರೂ ಕೆಲವೇ ತಿಂಗಳಲ್ಲಿ ಮತ್ತೆ ಅಷ್ಟೇ. ಹೆಣ್ಣಿಲಿ 21–23 ದಿನಕ್ಕೆ ಈಯುತ್ತದೆ; ಕಸದಲ್ಲಿ ತಿನ್ನಲು ಸಿಗುವವರೆಗೂ ಖಾಲಿ ಬಿಲ ಖಾಲಿ ಉಳಿಯುವುದಿಲ್ಲ. ಬಗೆಹರಿದದ್ದು ಇಲಿ ಹಿಡಿದು ತಿನ್ನುವ ಕಣಜ ಗೂಬೆಯಿಂದ, ಜೊತೆಗೆ ಕಸದ ತೊಟ್ಟಿಗೆ ಬಿಗಿ ಮುಚ್ಚಳದಿಂದ.

ಮೊದಲು ಬ್ರೋಮಾಡಿಯೋಲೋನ್ ಎಂಬ ಇಲಿ ವಿಷದ ಬಿಲ್ಲೆಗಳನ್ನು ಪೂರ್ತಿ ತೆಗೆಯಬೇಕು. ಅದನ್ನು ತಿಂದ ಇಲಿ ತಕ್ಷಣ ಸಾಯದೆ ಕೆಲವು ದಿನ ಮಂಕಾಗಿ ಓಡಾಡುತ್ತದೆ, ಸುಲಭವಾಗಿ ಬೇಟೆಯಾಗುತ್ತದೆ. ನುಂಗಿದ ಗೂಬೆಯೂ ಒಳಗೇ ರಕ್ತಸ್ರಾವವಾಗಿ ಸಾಯಬಹುದು. ಗೂಡೂ ವಿಷವೂ ಒಟ್ಟಿಗೆ ಇಟ್ಟರೆ ಗೂಬೆಯನ್ನು ಕರೆದು ಕೊಂದಂತೆ.

ಗೂಡಿಗೆ ಪ್ಲೈವುಡ್ ಪೆಟ್ಟಿಗೆ 60 ಸೆಂ.ಮೀ. ಉದ್ದ, 45 ಅಗಲ, 60 ಎತ್ತರ. ಕಂಡಿ 15 ಸೆಂ.ಮೀ. ಚೌಕ, ತಳದಿಂದ 40 ಸೆಂ.ಮೀ. ಮೇಲೆ, ಇದು ಕೆಳಗಾದರೆ ಮರಿಗಳು ಹೊರಬೀಳುತ್ತವೆ. ತಳಕ್ಕೆ ನೀರಿಳಿಯುವ ತೂತುಗಳು. ಬಣ್ಣ ಹೊರಗೆ ಮಾತ್ರ. ನಾಲ್ಕೈದು ಮೀಟರ್ ಎತ್ತರದಲ್ಲಿ, ಬೀದಿದೀಪಕ್ಕೆ ಬೆನ್ನು ಮಾಡಿ ಕಟ್ಟಿ. ಗೂಬೆ ಬರಲು ವರ್ಷವೇ ಹಿಡಿಯಬಹುದು, ಜಾಗ ಬದಲಿಸುತ್ತಾ ಹೋಗಬೇಡಿ.

ಬಂದಿದೆಯೇ ಎಂದು ತಿಳಿಯಲು ಕೆಳಗೆ ನೋಡಿ: ಗೂಬೆ ಕಕ್ಕಿದ, ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು. ನೆನೆಸಿ ಬಿಡಿಸಿದರೆ ಕೂದಲಿನ ನಡುವೆ ಪುಟ್ಟ ತಲೆಬುರುಡೆ, ಕಿತ್ತಳೆ ಬಣ್ಣದ ಬಾಚಿಹಲ್ಲು.

ಬಲಿತ ಹೆಗ್ಗಣ ಗೂಬೆಗೆ ಭಾರ, ಅದು ಮರಿಗಳನ್ನೇ ಹೆಚ್ಚು ಹಿಡಿಯುತ್ತದೆ. ದೊಡ್ಡವಕ್ಕೆ ಬೋನು ಬೇಕೇ ಬೇಕು. ಗೋಡೆಯ ಸಂದುಗಳಿಗೆ ಸ್ಟೀಲ್ ವೂಲ್ ತುರುಕಿ ಸಿಮೆಂಟ್ ಮೆತ್ತಿ. ಬರೀ ಫೋಮ್ ಆದರೆ ಕಡಿದು ತೂತು ಮಾಡುತ್ತವೆ. ಇಲಿ ಕೊಲ್ಲಲು ಇಡುವ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೆರೆಸಿದ ತಿನಿಸೂ ‘ಜೈವಿಕ’ವೇ, ಆದರೆ ಮನುಷ್ಯರಿಗೂ ಸೋಂಕು ತಗಲುತ್ತದೆ. ಜನ ಇರುವ ಕಡೆ ಮುಟ್ಟಲೇಬೇಡಿ.