ಶೇಕ್ಸ್‌ಪಿಯರ್ ಕಾಲದ ನಾಟಕಗಳನ್ನು ಬರೆದವರು ಯಾರು: ವಾದಗಳನ್ನು ತೂಗಿ ನೋಡುವ ಕ್ರಮ

ಹಳೆಯ ಇಂಗ್ಲಿಷ್ ನಾಟಕವೊಂದರ ಕರ್ತೃತ್ವದ ಬಗ್ಗೆ ವಾದ ಎದುರಾದಾಗ ಮೊದಲು ನೋಡಬೇಕಾದದ್ದು ಅದರ ಮೊದಲ ಮುದ್ರಣದ ಶೀರ್ಷಿಕೆಪುಟವನ್ನು. ಆದರೆ ನೋಡಿದ ಮಾತ್ರಕ್ಕೆ ಅದನ್ನು ನಂಬಬೇಕಾಗಿಲ್ಲ. ಆ ಕಾಲದ ಲಂಡನ್ನಿನಲ್ಲಿ ಕವಿ ಬರೆದ ನಾಟಕವನ್ನು ನಾಟಕ ಕಂಪನಿ ಹಣ ಕೊಟ್ಟು ಕೊಳ್ಳುತ್ತಿತ್ತು. ಅಲ್ಲಿಂದಾಚೆಗೆ ಅದು ಕಂಪನಿಯ ಸೊತ್ತು. ಅಚ್ಚಿಗೆ ಹೋದಾಗ ಕವಿಯ ಹೆಸರನ್ನು ಹಾಕಲೇಬೇಕೆಂಬ ಕಟ್ಟಳೆ ಇರಲಿಲ್ಲ. ಶೇಕ್ಸ್‌ಪಿಯರನ ಹೆಸರು ಕೂಡ ನಾಟಕದ ಶೀರ್ಷಿಕೆಪುಟದಲ್ಲಿ ಕಾಣಿಸಿಕೊಳ್ಳುವುದು 1598ರಿಂದ ಈಚೆಗೆ. ‘ದಿ ಸ್ಪ್ಯಾನಿಷ್ ಟ್ರ್ಯಾಜಿಡಿ’ ಮತ್ತೆ ಮತ್ತೆ ಅಚ್ಚಾದರೂ ಕರ್ತೃವಿನ ಹೆಸರಿಲ್ಲದೆಯೇ ಮಾರಾಟವಾಯಿತು. ಅದು ಥಾಮಸ್ ಕಿಡ್‌ನ ಕೃತಿಯೆಂದು ನಾವು ಹೇಳುವುದು 1612ರಲ್ಲಿ ಥಾಮಸ್ ಹೇವುಡ್ ನಟರ ಪರವಾಗಿ ಬರೆದ ಪುಸ್ತಕದಲ್ಲಿ ಪ್ರಾಸಂಗಿಕವಾಗಿ ಬಂದುಹೋಗುವ ಒಂದು ಮಾತಿನ ಬಲದಿಂದ. ಇದಕ್ಕೆ ಪ್ರತಿಯಾಗಿ ‘ಎ ಯಾರ್ಕ್‌ಷೈರ್ ಟ್ರ್ಯಾಜಿಡಿ’ 1608ರಲ್ಲಿ ಶೇಕ್ಸ್‌ಪಿಯರನ ಹೆಸರಿನಲ್ಲೇ ಪ್ರಕಟವಾಯಿತು, ಆದರೆ ಇಂದಿನ ಬಹುಪಾಲು ವಿದ್ವಾಂಸರು ಅದನ್ನು ಥಾಮಸ್ ಮಿಡ್ಲ್‌ಟನ್‌ನದೆಂದು ಎಣಿಸುತ್ತಾರೆ. ಆದ್ದರಿಂದ ಹೆಸರಿನ ಹಿಂದೆ ಸಂಚನ್ನು ಊಹಿಸುವ ಮುನ್ನ, ಯಾವ ಹೆಸರಿದ್ದರೆ ಪುಸ್ತಕ ಹೆಚ್ಚು ಬಿಕರಿಯಾಗುತ್ತಿತ್ತು ಎಂದು ಪ್ರಕಾಶಕನ ಜಾಗದಲ್ಲಿ ನಿಂತು ಕೇಳಿಕೊಳ್ಳಬೇಕು.

ಅನಂತರ ಇಸವಿಗಳನ್ನು ಅಕ್ಕಪಕ್ಕ ಬರೆದಿಟ್ಟುಕೊಳ್ಳಿ. ಆಕ್ಸ್‌ಫರ್ಡಿನ 17ನೆಯ ಅರ್ಲ್ ಎಡ್ವರ್ಡ್ ಡಿ ವೀರ್‌ನೇ ಶೇಕ್ಸ್‌ಪಿಯರನ ನಾಟಕಗಳ ನಿಜವಾದ ಕರ್ತೃವೆಂಬ ವಾದ 1920ರಲ್ಲಿ ಹುಟ್ಟಿತು. ಆತ ತೀರಿಕೊಂಡದ್ದು 1604ರಲ್ಲಿ. ‘ದಿ ಟೆಂಪೆಸ್ಟ್’ ಅರಮನೆಯಲ್ಲಿ ಪ್ರದರ್ಶನಗೊಂಡದ್ದು 1611ರ ನವೆಂಬರ್ 1ರಂದು, ಮತ್ತು ಅದರಲ್ಲಿ 1609ರಲ್ಲಿ ಬರ್ಮುಡಾದ ಬಳಿ ಒಡೆದ ಹಡಗಿನ ವೃತ್ತಾಂತಗಳ ಛಾಯೆ ಇದೆಯೆಂಬುದು ಹೆಚ್ಚಿನ ಸಂಪಾದಕರ ಅಭಿಪ್ರಾಯ. ಅರ್ಲ್ ಕರಡುಗಳನ್ನು ಬಿಟ್ಟುಹೋಗಿದ್ದ, ಇತರರು ತಿದ್ದಿ ಆಡಿದರು ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಅಂಥ ಉತ್ತರ ಬಂದಾಗ, ಯಾವ ದಾಖಲೆ ಸಿಕ್ಕರೆ ನೀವು ಈ ವಾದವನ್ನು ಕೈಬಿಡುತ್ತೀರಿ ಎಂದು ಕೇಳಿನೋಡಬೇಕು. ಯಾವುದೂ ಇಲ್ಲವೆಂದಾದರೆ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಬಹುದು. 1598ರಲ್ಲಿ ಆ ಕಾಲದ ಲೇಖಕ ಫ್ರಾನ್ಸಿಸ್ ಮೆರೆಸ್ ಒಳ್ಳೆಯ ಹಾಸ್ಯನಾಟಕಕಾರರನ್ನು ಪಟ್ಟಿಮಾಡುವಾಗ ಆಕ್ಸ್‌ಫರ್ಡಿನ ಅರ್ಲ್‌ನನ್ನೂ ಶೇಕ್ಸ್‌ಪಿಯರನನ್ನೂ ಬೇರೆಬೇರೆಯಾಗಿ ಹೆಸರಿಸಿದ್ದಾನೆ. ಸ್ಟ್ರಾಟ್‌ಫರ್ಡಿನ ಶೇಕ್ಸ್‌ಪಿಯರ್ 1616ರ ತನ್ನ ಉಯಿಲಿನಲ್ಲಿ ಮೂವರು ಸಹನಟರಿಗೆ ಉಂಗುರ ಕೊಳ್ಳಲು ಹಣ ಬಿಟ್ಟಿದ್ದಾನೆ. ಅವರಲ್ಲಿ ಇಬ್ಬರಾದ ಹೆಮಿಂಜಸ್ ಮತ್ತು ಕಾಂಡೆಲ್ ಅವರೇ 1623ರಲ್ಲಿ 36 ನಾಟಕಗಳ ಫೋಲಿಯೋವನ್ನು, ಎಂದರೆ ದೊಡ್ಡ ಗಾತ್ರದ ಸಂಪುಟವನ್ನು, ಹೊರತಂದರು. ಉಂಗುರದ ಆ ಮಾತು ಉಯಿಲಿನ ಸಾಲುಗಳ ನಡುವೆ ಸೇರಿಸಿದ್ದೆಂಬುದು ನಿಜ. ಆದರೆ ಆ ಉಯಿಲಿನಲ್ಲಿ ಅಂಥ ಸೇರ್ಪಡೆಗಳು ಇನ್ನೂ ಹಲವಿವೆ.

ನಾಟಕಗಳನ್ನು ಬರೆದವನು ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ಎಂದು ಸಾಧಿಸಲು ಅವುಗಳೊಳಗೆ ಗೂಢಲಿಪಿಯನ್ನು ಹುಡುಕಿದವರ ಬಗ್ಗೆ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ. ಅಮೆರಿಕದ ಗೂಢಲಿಪಿ ತಜ್ಞ ದಂಪತಿಗಳಾದ ವಿಲಿಯಂ ಮತ್ತು ಎಲಿಜಬೆತ್ ಫ್ರೀಡ್‌ಮನ್ 1957ರಲ್ಲಿ ಅವುಗಳನ್ನು ಪರೀಕ್ಷಿಸಿ, ಒಂದೂ ನಿಲ್ಲುವುದಿಲ್ಲವೆಂದು ತೋರಿಸಿದರು. ಬೇಕನ್‌ನ ಸಮಗ್ರ ಕೃತಿಗಳನ್ನು ಸಂಪಾದಿಸಲು ಜೀವಮಾನವನ್ನೇ ಸವೆಸಿದ ಜೇಮ್ಸ್ ಸ್ಪೆಡಿಂಗ್ ಕೂಡ ಈ ವಾದವನ್ನು ಒಪ್ಪಲಿಲ್ಲ.

ಅದೇ ಸ್ಪೆಡಿಂಗ್ ಈ ಕ್ಷೇತ್ರದ ಹೆಚ್ಚು ಫಲವತ್ತಾದ ಪ್ರಶ್ನೆಯನ್ನು ಎತ್ತಿದವನು ಎಂಬುದು ಗಮನಾರ್ಹ. 1613ರಲ್ಲಿ ಗ್ಲೋಬ್ ರಂಗಮಂದಿರ ಸುಟ್ಟುಹೋದ ದಿನ ಆಡುತ್ತಿದ್ದ ‘ಹೆನ್ರಿ VIII’ ನಾಟಕವನ್ನು ಶೇಕ್ಸ್‌ಪಿಯರ್ ಮತ್ತು ಜಾನ್ ಫ್ಲೆಚರ್ ಹಂಚಿಕೊಂಡು ಬರೆದಿದ್ದಾರೆಂದು ಆತ 1850ರಲ್ಲಿ ವಾದಿಸಿದ. ಯಾವ ದೃಶ್ಯ ಯಾರದು ಎಂದು ನೀವೇ ನೋಡಬಯಸಿದರೆ ಈ ನಾಟಕದಿಂದಲೇ ಆರಂಭಿಸುವುದು ಸೂಕ್ತ. ಕನ್ನಡದ ಸರಳ ರಗಳೆಗೆ ಸಂವಾದಿಯಾದ ಬ್ಲ್ಯಾಂಕ್ ವರ್ಸ್‌ನ ಸಾಲಿನಲ್ಲಿ ಸಾಮಾನ್ಯವಾಗಿ ಹತ್ತು ಉಚ್ಚಾರಾಂಶಗಳಿರುತ್ತವೆ; ಕೊನೆಯಲ್ಲಿ ಒತ್ತಿಲ್ಲದ ಹನ್ನೊಂದನೆಯದನ್ನು ಸೇರಿಸುವ ಚಾಳಿ ಫ್ಲೆಚರ್‌ಗೆ ಬಹಳ. ‘ದೆಮ್’ ಎನ್ನುವಲ್ಲಿ ‘ಎಮ್’, ‘ಯೂ’ ಎನ್ನುವಲ್ಲಿ ‘ಯೀ’ ಎಂದು ಬರೆಯುವುದೂ ಅವನಿಗೆ ಪ್ರಿಯ. ‘ಹ್ಯಾಸ್’ ಎಂಬುದರ ಹಳೆಯ ರೂಪವಾದ ‘ಹ್ಯಾತ್’ ಅನ್ನು ಅವನು ಅಪರೂಪಕ್ಕೆ ಮಾತ್ರ ಬಳಸುತ್ತಾನೆ. ಪ್ರತಿ ದೃಶ್ಯಕ್ಕೂ ಇವುಗಳನ್ನು ಎಣಿಸಿ, ಸಾಲುಗಳ ಸಂಖ್ಯೆಯಿಂದ ಭಾಗಿಸಿ ನೋಡಿದರೆ ದೃಶ್ಯಗಳು ಎರಡು ಗುಂಪಾಗಿ ಒಡೆಯತೊಡಗುತ್ತವೆ. ಭವ್ಯವಾದ ಸಾಲುಗಳು, ಆಳವಾದ ವಿಚಾರಗಳು ಯಾರು ಬೇಕಾದರೂ ಅನುಕರಿಸಬಹುದಾದವು; ‘ಎಮ್’ ಬರೆಯಬೇಕೋ ‘ದೆಮ್’ ಬರೆಯಬೇಕೋ ಎಂದು ಯಾರೂ ಯೋಚಿಸುವುದಿಲ್ಲವಾದ್ದರಿಂದ ಅಂಥ ಸಣ್ಣ ಪದಗಳಿಗೇ ಬೆಲೆ ಹೆಚ್ಚು. ಆದರೆ ಹಸ್ತಪ್ರತಿಯನ್ನು ನಕಲು ಮಾಡಿದವನೂ ಅಚ್ಚಿನ ಮೊಳೆ ಜೋಡಿಸಿದವನೂ ಇಂಥ ಪದಗಳನ್ನು ತಮ್ಮ ರೂಢಿಯಂತೆ ಬದಲಿಸಿರಬಹುದು. ಹೀಗಾಗಿ ಒಂದೇ ಗುರುತನ್ನು ನೆಚ್ಚದೆ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಗುರುತುಗಳು ಒಂದೇ ಕಡೆಗೆ ಕೈತೋರುವವರೆಗೆ ಕಾಯಬೇಕು. ‘ದಿ ರಿವೆಂಜರ್ಸ್ ಟ್ರ್ಯಾಜಿಡಿ’ ಬಹುಕಾಲ ಸಿರಿಲ್ ಟೂರ್ನರ್‌ನ ಹೆಸರಿನಲ್ಲಿದ್ದು ಈಗ ಮಿಡ್ಲ್‌ಟನ್‌ನ ಪಾಲಿಗೆ ಬಂದಿರುವುದು ಇಂಥ ಹಲವು ಗುರುತುಗಳು ಕೂಡಿಬಂದುದರಿಂದ.

ಎಣಿಕೆಗೆ ಹೋಲಿಕೆಯ ಸಾಮಗ್ರಿ ಸಾಕಷ್ಟು ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಫ್ಲೆಚರ್ ಒಬ್ಬನೇ ಬರೆದ ನಾಟಕಗಳು ಹತ್ತಾರು ಉಳಿದಿವೆ. ನಿಸ್ಸಂಶಯವಾಗಿ ಕಿಡ್‌ನದೆನ್ನಬಹುದಾದದ್ದು ಒಂದು ಸ್ವತಂತ್ರ ನಾಟಕ ಮತ್ತು ಒಂದು ಅನುವಾದವಷ್ಟೇ, ಆದ್ದರಿಂದ ಅವನ ಪರವಾದ ಅಂಕಿಗಳನ್ನು ಅರ್ಧ ನಂಬಿದರೆ ಸಾಕು. ಆಕ್ಸ್‌ಫರ್ಡಿನ ಅರ್ಲ್‌ನ ಒಂದು ನಾಟಕವೂ ನಮಗೆ ದಕ್ಕಿಲ್ಲ. ಹೋಲಿಸಲು ಇರುವುದು ಕೆಲವು ಕವಿತೆಗಳು ಮಾತ್ರ. 1612ರ ಒಂದು ಶೋಕಗೀತೆಯನ್ನು ಅಮೆರಿಕದ ವಿದ್ವಾಂಸರೊಬ್ಬರು 1990ರ ದಶಕದಲ್ಲಿ ಶೇಕ್ಸ್‌ಪಿಯರನದೆಂದು ಸಾಧಿಸಿದಾಗ ಅದು ಅವನ ಕೃತಿಸಂಪುಟಗಳೊಳಗೂ ಸೇರಿತ್ತು. ಅದೇ ಕಾಲದ ನಾಟಕಕಾರ ಜಾನ್ ಫೋರ್ಡ್‌ನ ಕೃತಿಗಳೊಂದಿಗೆ ಇಟ್ಟು ನೋಡಿದ ಮೇಲೆ 2002ರಲ್ಲಿ ಅವರೇ ತಮ್ಮ ತಪ್ಪನ್ನು ಒಪ್ಪಿಕೊಂಡರು.

ಕೊನೆಗೆ ನಿಮ್ಮ ತೀರ್ಮಾನವನ್ನು ಇಡೀ ನಾಟಕಕ್ಕೆ ಹಾಕದೆ ದೃಶ್ಯದೃಶ್ಯಕ್ಕೆ ಬರೆದಿಡಿ. ಪ್ರತಿಯೊಂದರ ಪಕ್ಕದಲ್ಲೂ ‘ಖಚಿತ’, ‘ಸಂಭವನೀಯ’, ‘ಅನಿಶ್ಚಿತ’ ಎಂಬ ಮೂರರಲ್ಲಿ ಒಂದು ಪದವಿರಲಿ. 2016ರ ನ್ಯೂ ಆಕ್ಸ್‌ಫರ್ಡ್ ಶೇಕ್ಸ್‌ಪಿಯರ್ ಆವೃತ್ತಿ ‘ಹೆನ್ರಿ VI’ರ ಮೂರೂ ಭಾಗಗಳಿಗೆ ಕ್ರಿಸ್ಟೋಫರ್ ಮಾರ್ಲೋವನ್ನು ಸಹಲೇಖಕನೆಂದು ನಮೂದಿಸಿದಾಗ ಎದ್ದ ಆಕ್ಷೇಪಗಳನ್ನು ಗಮನಿಸಿದರೆ, ನನ್ನ ಪಟ್ಟಿಯಲ್ಲಿ ಆ ನಾಟಕಗಳ ಹಲವು ದೃಶ್ಯಗಳ ಪಕ್ಕ ಈಗಲೂ ‘ಅನಿಶ್ಚಿತ’ ಎಂದೇ ಇದೆ.